ಅಮಿಗ್ಡಲಾ ಸ್ಲೈಸ್‌ನಲ್ಲಿ ಏಸಿಕ್-1ಎ ಕರೆಂಟ್ ಸಿಗುತ್ತಿಲ್ಲ, ಏನು ಕಾರಣ?

ಪ್ರಶ್ನೆ:
ಹುಡುಕುತ್ತಿರುವುದು ಏಸಿಕ್-1ಎ, ಅಂದರೆ ಆಸಿಡ್ ತಗುಲಿದರೆ ತೆರೆಯುವ ಅಯಾನ್ ಚಾನೆಲ್. ಇಲಿಯ ಬೇಸೋಲ್ಯಾಟರಲ್ ಅಮಿಗ್ಡಲಾದ (ಮೆದುಳಿನಲ್ಲಿ ಭಯ ನಿಭಾಯಿಸುವ ಭಾಗ) ತೆಳು ಹೋಳು, ಹೋಲ್-ಸೆಲ್ ಪ್ಯಾಚ್ (ಒಂದೇ ಕೋಶದ ಕರೆಂಟ್ ಅಳೆಯುವ ವಿಧಾನ), −70 ಮಿಲಿವೋಲ್ಟ್. ಬಾತ್ ದ್ರಾವಣದ ಪಿಎಚ್ 7.4ರಿಂದ 6.0ಕ್ಕೆ ಇಳಿಸಿದರೂ ಒಳಮುಖ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಪರ್ಫ್ಯೂಷನ್ (ದ್ರಾವಣ ಹರಿಸುವ ವೇಗ) ನಿಮಿಷಕ್ಕೆ 2 ಮಿಲಿಲೀಟರ್. ಕಲಿತ ಭಯಕ್ಕೆ ಈ ಚಾನೆಲ್ ಬೇಕೇ ಬೇಕು ಅಂತಾರೆ, ಹಾಗಾದರೆ ಇಲ್ಲೇಕೆ ಕಾಣುತ್ತಿಲ್ಲ? ಈ ಚಾನೆಲ್ ತಡೆಯುವ ಜೇಡದ ವಿಷ ಪಿಸಿಟಿಎಕ್ಸ್1 ಹಾಕಿ ನೋಡಲೇ?

ಉತ್ತರ 1:
ಚಾನೆಲ್ ಇರುತ್ತದೆ, ತಪ್ಪಿರುವುದು ವೇಗ. ಏಸಿಕ್-1ಎ ಮಿಲಿಸೆಕೆಂಡುಗಳಲ್ಲಿ ತೆರೆದು, ಒಂದೆರಡು ಸೆಕೆಂಡಲ್ಲಿ ಆಸಿಡ್ ಇದ್ದರೂ ತಾನಾಗಿ ಜಡವಾಗುತ್ತದೆ. ಆ ಪರ್ಫ್ಯೂಷನ್‌ನಲ್ಲಿ ಪಿಎಚ್ ನಿಧಾನವಾಗಿ 7.2, 7.0 ಎಂದು ಜಾರುವಾಗಲೇ ಬಹುಪಾಲು ಚಾನೆಲ್‌ಗಳು ತೆರೆಯದೆಯೇ ಜಡವಾಗಿರುತ್ತವೆ. 6.0 ತಲುಪುವಷ್ಟರಲ್ಲಿ ಪ್ರತಿಕ್ರಿಯಿಸಲು ಯಾವುದೂ ಉಳಿದಿರುವುದಿಲ್ಲ.

ಕೋಶದ ಪಕ್ಕದಲ್ಲೇ ಪಫರ್ ಪಿಪೆಟ್ (ದ್ರಾವಣ ಚಿಮ್ಮಿಸುವ ಸಣ್ಣ ನಳಿಕೆ) ಇಟ್ಟು 1–2 ಸೆಕೆಂಡ್ ಆಸಿಡ್ ಬಿಡಿ, ಆಮೇಲೆ ಒಂದು ನಿಮಿಷವಾದರೂ 7.4ರಲ್ಲಿ ಬಿಡಿ. ಆಸಿಡ್ ದ್ರಾವಣಕ್ಕೆ ಬೈಕಾರ್ಬೊನೇಟ್ ಬೇಡ, ಕಾರ್ಬೊಜನ್ (ಆಮ್ಲಜನಕ-ಇಂಗಾಲದ ಡೈಆಕ್ಸೈಡ್ ಮಿಶ್ರಣ) ಗುಳ್ಳೆಯೂ ಬೇಡ, ಅವಿದ್ದರೆ ಪಿಎಚ್ ನಿಲ್ಲುವುದಿಲ್ಲ. ಪಿಎಚ್ ಹಿಡಿದಿಡುವ ಬಫರ್ ಆಗಿ 6.8ರ ಮೇಲೆ ಹೆಪೆಸ್, ಅದಕ್ಕಿಂತ ಕೆಳಗೆ ಎಂಇಎಸ್. ಟಿಟಿಎಕ್ಸ್, ಸಿಎನ್‌ಕ್ಯೂಎಕ್ಸ್, ಎಪಿ5, ಪಿಕ್ರೊಟಾಕ್ಸಿನ್ ಇರಲಿ, ಇವು ಬೇರೆ ಕರೆಂಟ್‌ಗಳನ್ನು ತಡೆಯುತ್ತವೆ. ಅಷ್ಟಾದರೂ ಸ್ಲೈಸ್ ಸ್ವತಃ ಆಸಿಡನ್ನು ತಗ್ಗಿಸುತ್ತದೆ. ನಿಖರ ಅಳತೆ ಬೇಕಿದ್ದರೆ ಬಿಡಿಸಿದ ನ್ಯೂರಾನ್‌ಗಳೇ ಒಳ್ಳೆಯದು.

ಉತ್ತರ 2:
ಪಿಸಿಟಿಎಕ್ಸ್1 ಚಾನೆಲ್‌ನ ರಂಧ್ರಕ್ಕೆ ಬಿರಡೆ ಹಾಕುವುದಿಲ್ಲ. ಪ್ರೋಟಾನ್ (ಆಸಿಡ್‌ನ ಹೈಡ್ರೋಜನ್ ಅಯಾನ್) ಮೇಲೆ ಚಾನೆಲ್‌ನ ಹಿಡಿತ ಹೆಚ್ಚಿಸಿ, 7.4ರಲ್ಲೇ ಅದನ್ನು ಜಡವಾಗಿಸುತ್ತದೆ. ಆದ್ದರಿಂದ ಕೆಲವು ನಿಮಿಷ ಮೊದಲೇ ಹಾಕಬೇಕು, ಆಸಿಡ್ ಜೊತೆಗೇ ಹಾಕಿದರೆ ಊಟಕ್ಕಿಲ್ಲದ ಉಪ್ಪಿನಕಾಯಿ. ಬರೀ 1ಎ ಇರುವ ಚಾನೆಲ್‌ಗೆ ಸುಮಾರು 1 ನ್ಯಾನೋಮೋಲಾರ್‌ನಲ್ಲೇ ಅರ್ಧ ತಡೆ ಸಿಗುತ್ತದೆ. ಅದೇ ಕುಟುಂಬದ ಏಸಿಕ್-2 ಬೆರೆತಿದ್ದರೆ ಲೆಕ್ಕ ಬೇರೆ. ವಿಷ ಕೊಳವೆಗೆ ಅಂಟದಂತೆ 0.1% ಬಿಎಸ್‌ಎ (ಒಂದು ಪ್ರೋಟೀನ್) ಸೇರಿಸಿ. ಏಸಿಕ್ ತಡೆಯುವ ಇನ್ನೊಂದು ಔಷಧ ಅಮಿಲೋರೈಡ್ ಒಂದನ್ನೇ ನಂಬಬೇಡಿ, ಅದು ಇತರ ಚಾನೆಲ್‌ಗಳನ್ನೂ ಸೋಡಿಯಂ-ಪ್ರೋಟಾನ್ ಎಕ್ಸ್‌ಚೇಂಜರನ್ನೂ ತಡೆಯುತ್ತದೆ.

ಉತ್ತರ 3:
ವರ್ತನೆಯ ಪುರಾವೆ ಬೇರೆ ಕಡೆಯಿಂದ ಗಟ್ಟಿಯಿದೆ. 2009ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ತಂಡ ತೋರಿಸಿದ್ದು: 10% ಇಂಗಾಲದ ಡೈಆಕ್ಸೈಡ್ ಉಸಿರಾಡಿದ ಇಲಿಯ ಅಮಿಗ್ಡಲಾದಲ್ಲಿ ಪಿಎಚ್ ಇಳಿದು ಇಲಿ ಸ್ತಬ್ಧವಾಗುತ್ತದೆ. ಏಸಿಕ್-1ಎ ಇಲ್ಲದ ಇಲಿಯಲ್ಲಿ ಇದು ಕಡಿಮೆ, ಅಮಿಗ್ಡಲಾದಲ್ಲಷ್ಟೇ ಮರಳಿ ಕೊಟ್ಟರೆ ಭಯವೂ ಮರಳುತ್ತದೆ. 2014ರ ಕೆಲಸದ ಪ್ರಕಾರ ಲ್ಯಾಟರಲ್ ಅಮಿಗ್ಡಲಾದ ಸಿನಾಪ್ಸ್‌ನಲ್ಲಿ ಪ್ರೋಟಾನೇ ಸಂದೇಶವಾಹಕ.

ಆದರೆ ಇದನ್ನು ನೇರವಾಗಿ ಮನುಷ್ಯರಿಗೆ ಎಳೆಯಬೇಡಿ. ಎರಡೂ ಬದಿ ಅಮಿಗ್ಡಲಾ ಹಾನಿಯಾದ ಮೂವರು ಮಹಿಳೆಯರಿಗೆ 35% ಇಂಗಾಲದ ಡೈಆಕ್ಸೈಡ್ ಕೊಟ್ಟಾಗಲೂ ಪ್ಯಾನಿಕ್ ಆಯಿತು, ಅದು 2013ರ ವರದಿ. ನಾಕೌಟ್ (ಈ ಚಾನೆಲ್‌ನ ಜೀನ್ ತೆಗೆದ) ಇಲಿಯಲ್ಲಿ ಫ್ರೀಜಿಂಗ್ (ಭಯದಿಂದ ಸ್ತಬ್ಧವಾಗುವುದು) ತಗ್ಗಿದರೆ, ಭಯ ಕಲಿಸಲು ಕೊಡುವ ಶಾಕ್‌ಗೆ ಹಾರುವ, ಕಿರುಚುವ ಮಟ್ಟವನ್ನು ಮೊದಲು ಅಳೆಯಿರಿ. ನೋವೇ ಕಡಿಮೆಯಾಗಿದ್ದರೆ ಅದು ಕಲಿಕೆಯ ಕೊರತೆಯಂತೆ ಕಾಣುತ್ತದೆ.