ಫ್ಯಾಂಟಮ್ ಮಾದರಿಯ ರೆಕ್ಕೆ ಮೇಲಕ್ಕೆ, ಬಾಲ ಕೆಳಕ್ಕೆ: ಇದು ಎರಕದ ದೋಷವೇ?

ಪ್ರಶ್ನೆ:
ವಿಯೆಟ್ನಾಂ ಯುದ್ಧಕಾಲದ ಅಮೆರಿಕದ ಎಫ್-4ಜೆ ಫ್ಯಾಂಟಮ್ ಯುದ್ಧವಿಮಾನದ 1:72 ಅಳತೆಯ ಡೈಕಾಸ್ಟ್ (ಲೋಹದ ಎರಕದ) ಮಾದರಿಯೊಂದನ್ನು ಕಳೆದ ವಾರ ತರಿಸಿಕೊಂಡೆ. ನನ್ನ ಸಂಗ್ರಹಕ್ಕೆ ಸೇರಿದ ಮೊದಲ ಜೆಟ್ ಇದೇ. ಪೆಟ್ಟಿಗೆಯ ಮೇಲೆ 'ಶೋಟೈಮ್ 100, 10 ಮೇ 1972' ಎಂದು ಅಚ್ಚಾಗಿದೆ. ಮೇಜಿನ ಮೇಲಿಟ್ಟು ಎದುರಿನಿಂದ ನೋಡಿದಾಗ ರೆಕ್ಕೆಗಳ ಹೊರತುದಿಗಳು ಮೇಲಕ್ಕೆ ಮಡಿಚಿದಂತಿವೆ, ಬಾಲದ ಅಡ್ಡರೆಕ್ಕೆಗಳು ಕೆಳಕ್ಕೆ ಇಳಿಬಿದ್ದಿವೆ. ಸಾಗಣೆಯಲ್ಲಿ ಪೆಟ್ಟು ಬಿದ್ದು ಹೀಗಾಗಿದೆಯೇ, ಅಥವಾ ಎರಕದಲ್ಲಿಯೇ ಆದ ತಪ್ಪೇ? ಮೂಗಿನಡಿಯಲ್ಲಿ ಫಿರಂಗಿಯೂ ಕಾಣುತ್ತಿಲ್ಲ. ಇದಲ್ಲದೆ ಹೊಟ್ಟೆಯಡಿಯ ಒಂದು ಕ್ಷಿಪಣಿ ಪದೇ ಪದೇ ಕಳಚಿ ಬೀಳುತ್ತಿದೆ. ಹಿಂದಿರುಗಿಸುವ ಗಡುವು ಹತ್ತಿರವಾಗುತ್ತಿರುವುದರಿಂದ ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1:
ದಯವಿಟ್ಟು ಹಿಂದಿರುಗಿಸಬೇಡಿ. ನೀವು ದೋಷವೆಂದುಕೊಂಡಿರುವುದೇ ಫ್ಯಾಂಟಮ್‌ನ ನಿಜವಾದ ಗುರುತು. ಈ ವಿಮಾನವನ್ನು ರೂಪಿಸುವಾಗ ಗಾಳಿಸುರಂಗದ ಪರೀಕ್ಷೆಯಲ್ಲಿ ಅಡ್ಡಡ್ಡ ಸ್ಥಿರತೆ ಸಾಲದೆಂದು ಕಂಡುಬಂದಿತು. ಇಡೀ ರೆಕ್ಕೆಯನ್ನು ಸುಮಾರು 5 ಡಿಗ್ರಿ ಮೇಲಕ್ಕೆತ್ತಬೇಕಾಗಿತ್ತು. ಹಾಗೆ ಮಾಡಿದರೆ ನಡುವಿನ ಟೈಟಾನಿಯಂ ಭಾಗವನ್ನೇ ಹೊಸದಾಗಿ ರೂಪಿಸಬೇಕಾಗುತ್ತಿದ್ದುದರಿಂದ, ಮ್ಯಾಕ್‌ಡೊನೆಲ್ ಸಂಸ್ಥೆಯ ಎಂಜಿನಿಯರುಗಳು ಹೊರಭಾಗಗಳನ್ನು ಮಾತ್ರ 12 ಡಿಗ್ರಿ ಎತ್ತಿ, ಸರಾಸರಿಯಲ್ಲಿ ಬೇಕಾದ ಕೋನವನ್ನು ಸಾಧಿಸಿದರು. ಬಾಲದ ಅಡ್ಡರೆಕ್ಕೆಗಳು 23 ಡಿಗ್ರಿ ಕೆಳಕ್ಕೆ ಬಾಗಿರುವುದು, ವಿಮಾನವು ಮೂಗನ್ನು ಬಹಳ ಮೇಲೆತ್ತಿ ಹಾರುವಾಗಲೂ ನಿಯಂತ್ರಣ ಉಳಿಯಲಿ, ಎಂಜಿನ್ನಿನ ಬಿಸಿ ಅನಿಲವೂ ತಗಲದಿರಲಿ ಎಂಬ ಕಾರಣಕ್ಕಾಗಿ.

ಆದರೂ ಒಮ್ಮೆ ಪರೀಕ್ಷಿಸಿ. ಮಾದರಿಯನ್ನು ಗಾಜಿನಂಥ ಸಮತಟ್ಟಾದ ಮೇಲ್ಮೈಯ ಮೇಲೆ ಚಕ್ರಗಳ ಮೇಲೆ ನಿಲ್ಲಿಸಿ, ಎರಡೂ ರೆಕ್ಕೆತುದಿಗಳ ಎತ್ತರವನ್ನು ಅಳತೆಪಟ್ಟಿಯಿಂದ ನೋಡಿ. ಎರಡೂ ಸಮನಾಗಿದ್ದರೆ ಎರಕ ಸರಿಯಾಗಿದೆ. ಒಂದು ಕಡೆ ಮಾತ್ರ ಹೆಚ್ಚಿದ್ದರೆ ಆಗ ದೂರು ಕೊಡಿ. ಒಂದು ರೆಕ್ಕೆತುದಿಯಿಂದ ಇನ್ನೊಂದಕ್ಕೆ ಅಗಲ ಸುಮಾರು 16.3 ಸೆಂಟಿಮೀಟರ್ ಇರಬೇಕು, ಏಕೆಂದರೆ ನಿಜ ವಿಮಾನದ್ದು 11.7 ಮೀಟರ್.

ಫಿರಂಗಿ ಇಲ್ಲದಿರುವುದೂ ಸರಿಯೇ. ನೌಕಾಪಡೆಯ ಎಫ್-4ಜೆ ಕ್ಷಿಪಣಿಗಳನ್ನೇ ನಂಬಿತ್ತು. ಮೂಗಿನೊಳಗೆ 20 ಮಿಲಿಮೀಟರಿನ ವಲ್ಕನ್ ಫಿರಂಗಿ ಬಂದದ್ದು ವಾಯುಪಡೆಯ ಎಫ್-4ಇ ಮಾದರಿಯಲ್ಲಿ.

ಉತ್ತರ 2:
ಕ್ಷಿಪಣಿಯ ವಿಚಾರದಲ್ಲಿ ಅವಸರ ಬೇಡ. ಸ್ಪ್ಯಾರೋ ಕ್ಷಿಪಣಿಗಳು ನಾಲ್ಕೂ ಹೊಟ್ಟೆಯ ತಗ್ಗುಗಳಲ್ಲಿ ಅರ್ಧ ಹುದುಗಿ ಕೂರುತ್ತವೆ. ಮಾದರಿಯಲ್ಲಿ ಆ ತಗ್ಗಿನೊಳಗೆ ಬಣ್ಣ ದಪ್ಪವಾಗಿ ಕೂತರೆ ಪ್ಲಾಸ್ಟಿಕ್ ಮೊಳೆ ಪೂರ್ತಿ ಒಳಗೆ ಇಳಿಯುವುದಿಲ್ಲ. ಹಲ್ಲುಕಡ್ಡಿಯ ತುದಿಯಲ್ಲಿ ಬಿಳಿ ಮರದ ಅಂಟಿನ ಒಂದೇ ಹನಿ ಸಾಕು. ತಕ್ಷಣ ಹಿಡಿಯುವ ಸೂಪರ್ ಗ್ಲೂವನ್ನು ದಯವಿಟ್ಟು ಬಳಸಬೇಡಿ: ಅದರ ಆವಿ ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳದ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ. ಹೀಗೆ ನನ್ನದೊಂದು ಮಾದರಿಯ ಮುಚ್ಚಳವನ್ನು ನಾನೇ ಹಾಳುಮಾಡಿಕೊಂಡಿದ್ದೇನೆ, ಇಂದಿಗೂ ಅದನ್ನು ನೋಡಿದಾಗ ಬೇಸರವಾಗುತ್ತದೆ.

ಇನ್ನೊಂದು ಮಾತು, ಪೆಟ್ಟಿಗೆಯ ಮೇಲಿನ ಬರಹದ ಬಗ್ಗೆ. 'ಶೋಟೈಮ್ 100' ಎಂಬುದು 1972ರ ಮೇ 10ರಂದು ಹಾರಿದ ಆ ವಿಮಾನದ ರೇಡಿಯೊ ಕರೆಹೆಸರು. ಕಾನ್‌ಸ್ಟಲೇಷನ್ ವಿಮಾನವಾಹಕ ನೌಕೆಯಲ್ಲಿದ್ದ ವಿಎಫ್-96 ದಳದ ರ‍್ಯಾಂಡಿ ಕನ್ನಿಂಗ್‌ಹ್ಯಾಮ್ ಮತ್ತು ವಿಲಿ ಡ್ರಿಸ್ಕಾಲ್ ಆ ದಿನ ಇದೇ ವಿಮಾನದಿಂದ ಉತ್ತರ ವಿಯೆಟ್ನಾಂನ ಮೂರು ಮಿಗ್-17 ಯುದ್ಧವಿಮಾನಗಳನ್ನು ಉರುಳಿಸಿ, ಒಟ್ಟು ಐದು ಗೆಲುವುಗಳನ್ನು ಪೂರೈಸಿದರು. ಮರಳುವ ದಾರಿಯಲ್ಲಿ ನೆಲದಿಂದ ಹಾರಿದ ಕ್ಷಿಪಣಿಯಿಂದ ವಿಮಾನಕ್ಕೆ ಹಾನಿಯಾಗಿ, ಇಬ್ಬರೂ ಧುಮುಕುಕೊಡೆಯಲ್ಲಿ ಸಮುದ್ರಕ್ಕಿಳಿದರು. ಅವರನ್ನು ಹೆಲಿಕಾಪ್ಟರಿನಲ್ಲಿ ಪಾರುಮಾಡಲಾಯಿತು. ವಿಮಾನ ಮಾತ್ರ ನೌಕೆಗೆ ಮರಳಲೇ ಇಲ್ಲ. ಹಾಗಾಗಿ ಆ ದಿನದ ಮೂರು ಗೆಲುವುಗಳ ಗುರುತನ್ನು ಅದರ ಮೇಲೆ ಬರೆಯಲು ಯಾರಿಗೂ ಅವಕಾಶವೇ ಸಿಗಲಿಲ್ಲ. ನಿಮ್ಮ ಮಾದರಿಯಲ್ಲಿ ಎಷ್ಟು ಗುರುತುಗಳಿವೆ, ಭೂತಗನ್ನಡಿ ಹಿಡಿದು ಎಣಿಸಿ ನೋಡಿ. ಸಂಗ್ರಹಕಾರನಿಗೆ ರೆಕ್ಕೆಯ ಕೋನಕ್ಕಿಂತ ಇದೇ ಮುಖ್ಯವಾದ ಪ್ರಶ್ನೆ ಎಂದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಳೆದು ನೋಡಿದೆ, ಎರಡೂ ತುದಿಗಳು ಒಂದೇ ಎತ್ತರದಲ್ಲಿವೆ. ಆದರೆ ಮೂತಿಯ ಪಕ್ಕದಲ್ಲಿ ಐದು ಗುರುತುಗಳಿವೆ! ಇವುಗಳಲ್ಲಿ ಮೂರನ್ನು ಅಳಿಸಬಹುದೇ?

ಉತ್ತರ 2:
ಅಳಿಸಬೇಡಿ. ಇಂಥ ಗುರುತುಗಳನ್ನು ಮೆತ್ತನೆಯ ಸಿಲಿಕೋನ್ ಅಚ್ಚಿನಿಂದ ಬಣ್ಣದ ಮೇಲೆ ಒತ್ತಿರುತ್ತಾರೆ. ದ್ರಾವಕ ಹಚ್ಚಿದರೆ ಕೆಳಗಿನ ಬೂದುಬಣ್ಣವೂ ಅದರೊಂದಿಗೆ ಎದ್ದು ಬರುತ್ತದೆ. ಮಾದರಿಯನ್ನು ಹಾಗೆಯೇ ಇಟ್ಟುಕೊಂಡು, ಈ ವ್ಯತ್ಯಾಸವನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೆ ಇಡಿ.