ಪದಚರ್ಚೆ: ನೆಟ್‌ವರ್ಕ್ ‘ಸಿದ್ಧ’, ‘ಸಂಪರ್ಕ ವಿಫಲ’ – ಯಾವ ಹಂತಕ್ಕೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಲ್ಯಾಬಿನಲ್ಲಿರುವುದು ಉಬುಂಟು ಆಧಾರಿತ ಕೈಟ್ ಲಿನಕ್ಸ್. ‘ಚಾಲೂ ಮಾಡಿದಾಗ ನೆಟ್ ಬಾರದಿದ್ದರೆ’ ಎಂಬ ಒಂದು ಪುಟದ ಸೂಚನೆಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಎರಡು ಕಡೆ ಪದ ಸಿಗುತ್ತಿಲ್ಲ.

ಒಂದು, ಕಂಪ್ಯೂಟರ್ ಏಳುವಾಗ ಸರ್ವಿಸ್‌ಗಳನ್ನು (ಹಿನ್ನೆಲೆಯಲ್ಲಿ ಓಡುವ ತಂತ್ರಾಂಶಗಳನ್ನು) ಸರದಿಯಲ್ಲಿ ಶುರುಮಾಡುವ ಸಿಸ್ಟಮ್‌ಡಿಯ ‘ನೆಟ್‌ವರ್ಕ್ ಟಾರ್ಗೆಟ್’ ಮತ್ತು ‘ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್’. ಟಾರ್ಗೆಟ್ ಎಂದರೆ ಆ ಸರದಿಯ ಒಂದು ಹಂತ. ಕರಡಿನಲ್ಲಿ ಎರಡೂ ‘ಜಾಲ ಸಿದ್ಧ’ ಆಗಿವೆ. ಮೊದಲನೆಯದರ ಅರ್ಥ ನೆಟ್‌ವರ್ಕ್ ನೋಡಿಕೊಳ್ಳುವ ತಂತ್ರಾಂಶ ಎದ್ದಿದೆ ಎಂದಷ್ಟೆ. ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ಗುರುತಿನ ಸಂಖ್ಯೆ) ಬಂದಿರಬೇಕೆಂದಿಲ್ಲ. ಸರ್ವರಿನ ಫೋಲ್ಡರನ್ನು ಮೌಂಟ್ ಮಾಡುವ, ಅಂದರೆ ಈ ಕಂಪ್ಯೂಟರಿಗೆ ಜೋಡಿಸುವ, ಸರ್ವಿಸನ್ನು ಇದರ ಬೆನ್ನಿಗೇ ಓಡಿಸಿದರೆ ಒಂದು ದಿನ ಸರಿ, ಮರುದಿನ ಫೇಲ್.

ಎರಡು, ‘ಸಂಪರ್ಕ ವಿಫಲ’. ಕೇಬಲ್ ಕಳಚಿದರೂ ಇದೇ, ವೈಫೈ ಪಾಸ್‌ವರ್ಡ್ ಸಿಗದಿದ್ದರೂ ಇದೇ, ವಿಳಾಸ ಬಾರದಿದ್ದರೂ ಇದೇ. ಓದಿದವರಿಗೆ ಎಲ್ಲಿ ಕೈಹಾಕಬೇಕೆಂದು ತಿಳಿಯುವುದಿಲ್ಲ. ಬೇರೆ ಬೇರೆ ಮಾತು ಬೇಕು. ತಿಳಿದವರು ಹೇಳಬೇಕಾಗಿ ವಿನಂತಿ.

*

ಮಾಷ್ಟ್ರೇ, ನಮಸ್ಕಾರ.

ನಿಮ್ಮ ಎರಡನೆಯ ಪ್ರಶ್ನೆಯೇ ಮುಖ್ಯ, ಅದನ್ನೇ ಮೊದಲು ಹಿಡಿಯುತ್ತೇನೆ. ನಮ್ಮ ಕಡೆ ಮಲಯಾಳದಲ್ಲಿ ‘ನೆಟ್ ಕಿಟ್ಟುನ್ನಿಲ್ಲ’, ತುಳುವಿನಲ್ಲಿ ‘ತಿಕ್ಕುಜಿ’, ಕನ್ನಡದಲ್ಲಿ ‘ಸಿಗುವುದಿಲ್ಲ’ ಎನ್ನುತ್ತೇವಲ್ಲ, ಆ ‘ಸಿಗು’ವನ್ನೇ ಇಟ್ಟುಕೊಳ್ಳಿ, ಏನು ಸಿಗಲಿಲ್ಲ ಎಂಬುದನ್ನು ಮಾತ್ರ ಜೊತೆಗೆ ಸೇರಿಸಿ. ಟರ್ಮಿನಲಿನಲ್ಲಿ ‘ಎನ್‌ಎಂಸಿಎಲ್‌ಐ ಡಿವೈಸ್’ (nmcli device) ಆದೇಶ ಕೊಟ್ಟರೆ ಕಾಣುವ ಸ್ಥಿತಿಗಳಿಗೆ ಇದು ಸರಿಯಾಗಿ ಹೊಂದುತ್ತದೆ.

‘ಅನ್‌ಅವೈಲಬಲ್’ ಎಂದಿದ್ದರೆ ‘ಕೊಂಡಿ ಸಿಕ್ಕಿಲ್ಲ’: ಕೇಬಲ್, ಸ್ವಿಚ್ಚಿನ ದೀಪ, ವೈಫೈ ಆಫ್ ಆಗಿದೆಯೇ ನೋಡಬೇಕು. ‘ಅನ್‌ಮ್ಯಾನೇಜ್ಡ್’ ಬೇರೆಯೇ ಸಂಗತಿ. ನೆಟ್‌ವರ್ಕ್ ನೋಡಿಕೊಳ್ಳುವ ತಂತ್ರಾಂಶವಾದ ನೆಟ್‌ವರ್ಕ್‌ಮ್ಯಾನೇಜರ್ ಆ ನೆಟ್‌ವರ್ಕ್ ಕಾರ್ಡನ್ನು ಮುಟ್ಟುತ್ತಿಲ್ಲ ಎಂದರ್ಥ. ಅಲ್ಲಿ ‘ಸಿಗು’ ಬೇಡ, ‘ನಿರ್ವಹಣೆಯಲ್ಲಿಲ್ಲ’ ಎನ್ನಿ. ‘ನೀಡ್ ಆಥೆಂಟಿಕೇಶನ್’ ಬಂದರೆ ‘ಪಾಸ್‌ವರ್ಡ್ ಸಿಕ್ಕಿಲ್ಲ’. ಇದನ್ನು ‘ಪಾಸ್‌ವರ್ಡ್ ತಪ್ಪು’ ಎಂದು ಬರೆಯಬೇಡಿ. ಪಾಸ್‌ವರ್ಡ್ ಬಳಕೆದಾರರ ಕೀರಿಂಗಿನಲ್ಲಿದ್ದರೆ (ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ ಜಾಗ) ಲಾಗಿನ್ ಆಗುವ ತನಕ ಅದು ತೆರೆಯುವುದಿಲ್ಲ. ಬೂಟ್ ಹೊತ್ತಿಗೆ, ಅಂದರೆ ಕಂಪ್ಯೂಟರ್ ಏಳುವಾಗ, ವೈಫೈ ಬರುವುದೂ ಇಲ್ಲ. ಆ ಸಂಪರ್ಕದ ಸೆಟ್ಟಿಂಗಿನಲ್ಲಿ ಪಾಸ್‌ವರ್ಡನ್ನು ‘ಎಲ್ಲ ಬಳಕೆದಾರರಿಗೆ’ ಎಂದು ಉಳಿಸಿದರೆ ಸರಿಹೋಗುತ್ತದೆ.

‘ಗೆಟ್ಟಿಂಗ್ ಐಪಿ ಕಾನ್ಫಿಗರೇಶನ್’ನಲ್ಲೇ ನಿಂತರೆ ‘ವಿಳಾಸ ಸಿಕ್ಕಿಲ್ಲ’. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಹೆಚ್ಚಾಗಿ ಆಗುವುದು ಇದು. ಕಂಪ್ಯೂಟರ್ ಬೇಗ ಏಳುತ್ತದೆ, ರೌಟರ್ ನಿಧಾನ. ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಸ್ಪ್ಯಾನಿಂಗ್ ಟ್ರೀ (ಕೇಬಲ್‌ಗಳು ಸುತ್ತುಹಾಕದಂತೆ ತಡೆಯುವ ವ್ಯವಸ್ಥೆ) ಇದ್ದರೆ ಪೋರ್ಟ್ ತೆರೆಯಲು ಇನ್ನೂ ಸುಮಾರು 30 ಸೆಕೆಂಡ್. ವಿಳಾಸ ಹಂಚುವ ಡಿಎಚ್‌ಸಿಪಿಗೆ ನೆಟ್‌ವರ್ಕ್‌ಮ್ಯಾನೇಜರ್ ಕಾಯುವುದು ಸಾಮಾನ್ಯವಾಗಿ 45 ಸೆಕೆಂಡ್. ಈ ಕಾಯುವ ಮಿತಿಯನ್ನು, ಅಂದರೆ ಡಿಎಚ್‌ಸಿಪಿ-ಟೈಮ್‌ಔಟನ್ನು, 120 ಸೆಕೆಂಡಿಗೆ ಏರಿಸಿದರೆ ಬಹಳ ಕಡೆ ಸಾಕು. ವಿಳಾಸ ಇದ್ದೂ ಪುಟ ತೆರೆಯದಿದ್ದರೆ, ಹೊರಗಿನ ಒಂದು ಐಪಿಗೆ ಪಿಂಗ್ (ಉತ್ತರ ಬರುತ್ತದೆಯೇ ಎಂಬ ಪರೀಕ್ಷೆ) ಹೋಗುತ್ತದೆಯೇ ನೋಡಿ. ಹೋದರೆ ‘ಹೆಸರು ಸಿಕ್ಕಿಲ್ಲ’, ಅಂದರೆ ತೊಂದರೆ ಇರುವುದು ತಾಣದ ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ. ಹೋಗದಿದ್ದರೆ ‘ದಾರಿ ಸಿಕ್ಕಿಲ್ಲ’.

ಇನ್ನು ಟಾರ್ಗೆಟ್‌ಗಳು. ಮೊದಲನೆಯದಕ್ಕೆ ‘ನೆಟ್‌ವರ್ಕ್ ನಿರ್ವಹಣೆ ಶುರು’. ಎರಡನೆಯದಕ್ಕೂ ‘ಸಿದ್ಧ’ ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ನೆಟ್‌ವರ್ಕ್ ಬರಲೆಂದು ಬೂಟನ್ನು ತಡೆದು ನಿಲ್ಲಿಸುವ ಹಂತ. ನೆಟ್‌ವರ್ಕ್‌ಮ್ಯಾನೇಜರ್ ಇದ್ದಲ್ಲಿ ಮಿತಿ 60 ಸೆಕೆಂಡ್, ಅದರ ಬದಲಿಗೆ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಇದ್ದಲ್ಲಿ 120. ಮಿತಿ ಮೀರಿದರೆ ನೆಟ್‌ವರ್ಕ್ ಬಾರದಿದ್ದರೂ ಬೂಟ್ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ‘ನೆಟ್‌ವರ್ಕಿಗೆ ಕಾಯುವ ಹಂತ’ ಎನ್ನಿ.

ಸರ್ವಿಸ್ ಫೈಲಿನ ‘ಆಫ್ಟರ್’ಗೆ ‘ನಂತರ’, ‘ವಾಂಟ್ಸ್’ಗೆ ‘ಬೇಕು’ ಸಾಕು. ಆದರೆ ಎರಡನ್ನೂ ಬರೆಯಲೇಬೇಕೆಂದು ಸೂಚನೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ. ‘ನಂತರ’ ಸರದಿಯನ್ನಷ್ಟೆ ಹೇಳುತ್ತದೆ; ‘ಬೇಕು’ ಎನ್ನದಿದ್ದರೆ, ಬೇರೆ ಯಾರೂ ಕೇಳದ ಹೊತ್ತಿಗೆ, ಆ ಹಂತ ಶುರುವಾಗುವುದೇ ಇಲ್ಲ. ಬೂಟ್ ಹೊತ್ತಿಗೆ ಮೌಂಟ್ ಮಾಡಬೇಕಾದವುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬಿನಲ್ಲಿ ಸರ್ವರ್ ಫೋಲ್ಡರ್ ಇದ್ದರೆ ‘_ನೆಟ್‌ಡೆವ್’ (ಇದಕ್ಕೆ ನೆಟ್‌ವರ್ಕ್ ಬೇಕು) ಜೊತೆ ‘ನೋಫೇಲ್’ (ಸಿಗದಿದ್ದರೂ ಬೂಟ್ ನಿಲ್ಲಬಾರದು) ಕೂಡ ಇರಲಿ, ಸರ್ವರ್ ಆಫ್ ಇದ್ದ ದಿನವೂ ಲ್ಯಾಬ್ ತೆರೆಯುತ್ತದೆ.

‘ಜಾಲ’ವನ್ನು ನಾನು ಬಿಟ್ಟಿದ್ದೇನೆ. ಮಕ್ಕಳು ಪರದೆಯ ಮೇಲೆ ಓದುವುದು ನೆಟ್‌ವರ್ಕ್ ಎಂದೇ. ಬೇರೆಯವರ ಅಭಿಪ್ರಾಯವೂ ಬರಲಿ.