ಜಿರ್ಜೆಂತಿಯಲ್ಲಿ ಜನನ ದಾಖಲೆ ಸಿಗುತ್ತಿಲ್ಲ: ಇಟಲಿಯ ಮೂಲ ಊರು ಪತ್ತೆ ಹೇಗೆ?

ಪ್ರಶ್ನೆ
ಅಳಿಯನ ಮುತ್ತಜ್ಜ ಸಿಸಿಲಿಯಿಂದ 1909ರಲ್ಲಿ ನ್ಯೂಯಾರ್ಕಿಗೆ ಬಂದವರು. ಅಮೆರಿಕದ ಜನಗಣತಿಯಲ್ಲಿ ಹೆಸರು ಚಾರ್ಲ್ಸ್, ಹುಟ್ಟಿದ್ದು ‘ಇಟಲಿ’ ಎಂದಷ್ಟೇ ಇದೆ. ಮನೆಯವರು ಹೇಳುವುದು ಜಿರ್ಜೆಂತಿ, ಅಂದರೆ ಈಗಿನ ಅಗ್ರಿಜೆಂತೊ. ಆ ನಗರದ 1886ರ ಜನನ ಪುಸ್ತಕ ಪೂರ್ತಿ ನೋಡಿಯಾಯಿತು, ಕಾರ್ಲೊ (ಚಾರ್ಲ್ಸ್‌ನ ಇಟಾಲಿಯನ್ ರೂಪ) ಎಂಬ ಹೆಸರಿನಲ್ಲಿ ಯಾರೂ ಇಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ 1
ಎರಡು ಕಡೆ ತಪ್ಪುತ್ತಿದೆ ಸರ್. ಮೊದಲನೆಯದು ಊರು. ಜಿರ್ಜೆಂತಿ ನಗರದ ಹೆಸರೂ ಹೌದು, ಪ್ರಾಂತ್ಯದ ಹೆಸರೂ ಹೌದು. 1927ರಲ್ಲಿ ಅದು ಅಗ್ರಿಜೆಂತೊ ಆಯಿತು. ಹಳ್ಳಿಯ ಹೆಸರು ಹೇಳಿದರೆ ಯಾರಿಗೂ ತಿಳಿಯದು ಎಂದು ಎಷ್ಟೋ ಜನ ಪ್ರಾಂತ್ಯದ ಹೆಸರನ್ನೇ ಹೇಳುತ್ತಿದ್ದರು. ಹುಟ್ಟಿದ್ದು ಫವಾರ, ಲಿಕಾತ, ಷಾಕ್ಕ, ಯಾವುದೂ ಇರಬಹುದು. ಇಟಲಿಯಲ್ಲಿ ಜನನ, ಮದುವೆ, ಮರಣದ ಪುಸ್ತಕಗಳು ಕೊಮೂನೆವಾರು, ಅಂದರೆ ಆಯಾ ಊರಾಡಳಿತದ ಹೆಸರಿನಲ್ಲಿ ಇರುತ್ತವೆ. ಕೊಮೂನೆ ಖಚಿತವಾಗುವ ತನಕ ಇಟಲಿಯ ಪುಸ್ತಕ ತೆರೆಯಲೇಬೇಡಿ, ಅಮೆರಿಕದ ದಾಖಲೆಗಳಲ್ಲೇ ಹುಡುಕಿ.

ಎರಡನೆಯದು ಹೆಸರು. ಆ ಭಾಗದಿಂದ ಬಂದ ಚಾರ್ಲ್ಸ್ ಎಂದರೆ ಮೊದಲು ಕಲೋಜೆರೊ ಎಂದು ಅನುಮಾನಿಸಬೇಕು. ಸಂತ ಕಲೋಜೆರೊನನ್ನು ಷಾಕ್ಕ, ಅಗ್ರಿಜೆಂತೊ ಸುತ್ತಮುತ್ತ ಬಹಳ ನಂಬುತ್ತಾರೆ, ಮಕ್ಕಳಿಗೂ ಅದೇ ಹೆಸರು. ನ್ಯೂಯಾರ್ಕಿನ ವಲಸಿಗರ ತಪಾಸಣಾ ಕೇಂದ್ರವಾಗಿದ್ದ ಎಲಿಸ್ ಐಲ್ಯಾಂಡಿನ ಗುಮಾಸ್ತರು ಹೆಸರು ಬದಲಿಸಿದರು ಎನ್ನುವುದು ಬರೀ ಕಥೆ. ಪ್ರಯಾಣಿಕರ ಪಟ್ಟಿಯನ್ನು ಹಡಗಿನ ಕಂಪನಿಯವರು ಬರೆದು ತರುತ್ತಿದ್ದರು, ಗುಮಾಸ್ತರು ಅದನ್ನೇ ನೋಡಿ ವಿಚಾರಿಸುತ್ತಿದ್ದರು. ಆದ್ದರಿಂದ ಪಟ್ಟಿಯಲ್ಲಿ ಇಟಾಲಿಯನ್ ಹೆಸರನ್ನೇ ಹುಡುಕಿ. ಅಡ್ಡಹೆಸರಿನ ಮುಂದಿನ ‘ದಿ’, ‘ಲೊ’, ‘ಲಾ’ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ನೋಡಿ.

ಪ್ರಶ್ನೆ ಕೇಳಿದವರು
ಕಲೋಜೆರೊ ಎಂದು ಹಾಕಿದ ಕೂಡಲೇ ಸಿಕ್ಕಿತು! ವಯಸ್ಸು 23, ಹತ್ತಿರದ ಸಂಬಂಧಿ ತಂದೆ, ಅವರ ಹೆಸರೂ ಇದೆ. ಆದರೆ ವಾಸದ ಊರು ಎಂಬಲ್ಲಿ ಮತ್ತೆ ಜಿರ್ಜೆಂತಿಯೇ.

ಉತ್ತರ 1
ನೀವು ನೋಡಿರುವುದು ಎಡಗಡೆಯ ಹಾಳೆ ಮಾತ್ರ. 1907ರಿಂದ ಪಟ್ಟಿ ಎರಡು ಹಾಳೆಗೆ ಹರಡಿದೆ, ವೆಬ್‌ಸೈಟಿನಲ್ಲಿ ಎರಡನೆಯದು ಬೇರೆ ಚಿತ್ರವಾಗಿ ಇರುತ್ತದೆ. ಮುಂದಿನ ಚಿತ್ರಕ್ಕೆ ಹೋಗಿ, ಅದೇ ಸಾಲಿನ ಸಂಖ್ಯೆ ಹಿಡಿದು ಬಲತುದಿಯವರೆಗೆ ಬನ್ನಿ. 29ನೇ ಕಾಲಮ್ಮಿನಲ್ಲಿ ಹುಟ್ಟಿದ ದೇಶ ಮತ್ತು ಊರು ಇರಬೇಕು. ಅಲ್ಲೂ ಪ್ರಾಂತ್ಯದ ಹೆಸರೇ ಇದ್ದರೆ ಪೌರತ್ವದ ಅರ್ಜಿ ತರಿಸಿ. 1906ರ ಸೆಪ್ಟೆಂಬರ್ 27ರ ನಂತರದ ಅರ್ಜಿಗಳಲ್ಲಿ ಹುಟ್ಟಿದ ಊರು, ತಾರೀಕು, ಬಂದ ಹಡಗು ಎಲ್ಲಾ ಕೇಳುತ್ತಾರೆ. ಅದಕ್ಕಿಂತ ಹಳೆಯವು ಬಹುತೇಕ ಖಾಲಿ. 1942ರ ಏಪ್ರಿಲ್‌ನ ಸೇನಾ ನೋಂದಣಿ ಕಾರ್ಡಿನಲ್ಲೂ ಜನ್ಮಸ್ಥಳ ಇದೆ, 1886ರಲ್ಲಿ ಹುಟ್ಟಿದವರು ಅದರಲ್ಲಿ ಬರುತ್ತಾರೆ.

ಪ್ರಶ್ನೆ ಕೇಳಿದವರು
ಫವಾರ ಎಂದಿದೆ, ಸ್ಪಷ್ಟವಾಗಿ. ಆದರೆ ಆಂತೆನಾತಿ ಎಂಬ ತಾಣದಲ್ಲಿ ಹೆಸರು ಕೊಟ್ಟು ಹುಡುಕಿದರೆ ಏನೂ ಬರುತ್ತಿಲ್ಲ.

ಉತ್ತರ 2
ಬರದಿದ್ದರೆ ಗಾಬರಿ ಬೇಡ. ಆಂತೆನಾತಿ ಇಟಲಿಯ ಸರ್ಕಾರಿ ದಾಖಲಾಲಯಗಳ ಉಚಿತ ತಾಣ, ಹೆಸರಿನ ಹುಡುಕಾಟ ಅದರಲ್ಲಿ ಸ್ವಲ್ಪ ಭಾಗಕ್ಕೆ ಮಾತ್ರ. ಕೊಮೂನೆ, ವರ್ಷ, ‘ನಾತಿ’ (ಜನನ) ಆರಿಸಿ ಪುಟ ತಿರುವಬೇಕು. ಬೇಕಾದ ವರ್ಷ ಅಲ್ಲಿಲ್ಲದಿದ್ದರೆ ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ತಾಣ ನೋಡಿ.

ಸಾಮಾನ್ಯವಾಗಿ ಪುಸ್ತಕದ ಕೊನೆಯಲ್ಲಿ ವರ್ಷದ ಸೂಚಿ ಇರುತ್ತದೆ, ಅದರಲ್ಲಿ ಸಿಗುವ ಸಂಖ್ಯೆಯೇ ದಾಖಲೆಯ ಸಂಖ್ಯೆ. ಕೆಲವು ಸೂಚಿಗಳು ಅಡ್ಡಹೆಸರಿನ ಬದಲು ಕೊಟ್ಟ ಹೆಸರಿನ ಅಕ್ಷರಾನುಕ್ರಮದಲ್ಲಿವೆ, ಅಡ್ಡಹೆಸರು ಕಾಣಲಿಲ್ಲವೆಂದು ಪುಸ್ತಕ ಮುಚ್ಚಬೇಡಿ. 1884ರಿಂದ 1888ರವರೆಗೂ ನೋಡಿ. ಹುಟ್ಟಿದ ಐದು ದಿನದೊಳಗೆ ಬರೆಸಬೇಕಿತ್ತು, ಹಾಗಾಗಿ ಡಿಸೆಂಬರ್ ಕೊನೆಯ ಮಕ್ಕಳು ಮರುವರ್ಷದ ಪುಸ್ತಕದಲ್ಲಿ ಇರುವುದುಂಟು.

ಇನ್ನು ಮುಖ್ಯವಾದದ್ದು: ಮೊದಲು ಸಿಕ್ಕ ಕಲೋಜೆರೊನನ್ನೇ ಹಿಡಿದುಕೊಳ್ಳಬೇಡಿ. ಅಲ್ಲಿನ ರೂಢಿಯಲ್ಲಿ ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ನಾಲ್ವರು ಅಣ್ಣತಮ್ಮಂದಿರಿದ್ದರೆ ನಾಲ್ಕೂ ಮನೆಯಲ್ಲಿ ಅಜ್ಜನ ಹೆಸರಿನ ಮೊಮ್ಮಗ, ಅಡ್ಡಹೆಸರೂ ಒಂದೇ. ತಂದೆಯ ಹೆಸರನ್ನು ಹಡಗಿನ ಪಟ್ಟಿಯೊಂದಿಗೆ, ತಾಯಿಯ ತವರಿನ ಅಡ್ಡಹೆಸರನ್ನು ಅಮೆರಿಕದ ಮದುವೆ ಇಲ್ಲವೇ ಮರಣ ದಾಖಲೆಯೊಂದಿಗೆ ತಾಳೆ ನೋಡಿ. ಇಟಲಿಯಲ್ಲಿ ಹೆಂಗಸರು ಮದುವೆಯ ನಂತರವೂ ತವರಿನ ಅಡ್ಡಹೆಸರಲ್ಲೇ ದಾಖಲಾಗುತ್ತಾರೆ, ಆದ್ದರಿಂದ ಈ ತಾಳೆ ಗಟ್ಟಿ. ಎರಡೂ ಹೊಂದಿದರೆ ಅದೇ ದಂಪತಿಯ ಮದುವೆಯನ್ನು ಹಿಂದಿನ ವರ್ಷಗಳ ‘ಮಾತ್ರಿಮೋನಿ’ ಪುಸ್ತಕದಲ್ಲಿ ಹುಡುಕಿ, ಅಲ್ಲಿ ಎರಡೂ ಕಡೆಯ ಅಜ್ಜ-ಅಜ್ಜಿಯರ ಹೆಸರು ಸಿಗುತ್ತದೆ.